ಟಿಬ್ಬುಳೋ ಎಂದರೆ ಗೋಡೆಗೆ ಅಂಟಿಕೋ

ನಮ್ಮಕ್ಕನನ್ನು ಈಗ ಊರಿನ ಅರ್ಧ ಜನ ‘ಟಿಬ್ಬುಳಕ್ಕ’ ಎನ್ನುತ್ತಾರೆ. ಹಾಗೆ ಕರೆದವರ ಮುಖ ನಾನು ನೋಡುವುದಿಲ್ಲ, ಮದುವೆಗೆ ಕರೆದರೂ ಹೋಗುವುದಿಲ್ಲ. ಕೋಪ ನಮ್ಮ ಮನೆಯಲ್ಲಿ ಎಲ್ಲರಿಗೂ ಮೂಗಿನ ತುದಿಯಲ್ಲೇ ಇದೆ. ಆದರೆ ಅಕ್ಕನದು ಆಡಿ ಮುಗಿಸುವ ಕೋಪ, ನನ್ನದು ಇಟ್ಟುಕೊಂಡು ಕಾಯುವ ಕೋಪ. ಅವಳ ಕಥೆಯನ್ನು ನಾನು ಹೇಳುತ್ತಿರುವುದು ಅದಕ್ಕೇ. ಅವಳಿಗೇ ಹೇಳು ಎಂದರೆ ಎರಡು ಬೈಗುಳದಲ್ಲಿ ಮುಗಿಸಿ ಎದ್ದು ಹೋಗುತ್ತಾಳೆ.

ಅಮ್ಮ ತೀರಿಕೊಂಡಾಗ ನನ್ನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅಕ್ಕ ಶಾಲೆ ಬಿಟ್ಟಳು. ಅಪ್ಪನಿಗೆ ಬೇಯಿಸಿ ಹಾಕಿದಳು, ನನ್ನ ತಲೆ ಬಾಚಿದಳು, ನನಗೆ ಹೊಡೆದಳು, ನನಗೆ ಹೊಡೆದವರಿಗೆ ಇನ್ನೂ ಜೋರಾಗಿ ಹೊಡೆದಳು. ದೇವರು ಅವಳಿಗೆ ಕೊಟ್ಟ ಆಸ್ತಿ ಎಂದರೆ ಗಂಟಲು. ಎಲ್ಲೋ ಆಚೆ ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಮನೆಯ ಮೆಟ್ಟಿಲ ಮೇಲೆ ನಿಂತೇ ಕರೆಯುತ್ತಿದ್ದಳು. ನನ್ನ ಜೊತೆಗಿದ್ದವರೂ ಹೆದರಿ ತಮ್ಮ ತಮ್ಮ ಮನೆಗೆ ಓಡುತ್ತಿದ್ದರು. ಭಾವ ಸಾಮಾನು ಸಾಗಿಸುವ ವ್ಯಾನ್ ಓಡಿಸುವವರು, ಮಾತು ಕಡಿಮೆ. ‘ಇವಳು ಪಕ್ಕದಲ್ಲಿ ಕೂತ್ರೆ ವ್ಯಾನಿಗೆ ಹಾರನ್ ದಂಡ’ ಎನ್ನುವುದು ಇಷ್ಟು ವರ್ಷದಲ್ಲಿ ಅವರು ಮಾಡಿದ ಒಂದೇ ಜೋಕು. ಅದನ್ನೇ ಇವತ್ತಿಗೂ ತಿರುಗಿಸಿ ತಿರುಗಿಸಿ ಹೇಳುತ್ತಾರೆ.

ಮದುವೆಯಾದ ಮೇಲೆ ಅವಳು ಬ್ರೆಡ್ ಕಾರ್ಖಾನೆಗೆ ಸೇರಿದಳು. ನಾನು ದೊಡ್ಡವಳಾದ ಮೇಲೆ ನನ್ನನ್ನೂ ಸೇರಿಸಿದಳು. ನಾನು ಹಿಟ್ಟು ನಾದುವ ಕಡೆ, ಅವಳು ಓವನ್ ಕಡೆ. ನಮ್ಮ ಓವನ್ ಒಂದು ಸಣ್ಣ ಕೋಣೆಯಷ್ಟಿದೆ. ಆಳೆತ್ತರದ ಕಬ್ಬಿಣದ ಟ್ರಾಲಿಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಟ್ರಾಲಿಯನ್ನೇ ಒಳಗೆ ನೂಕಿ ಬಾಗಿಲು ಹಾಕುತ್ತಾರೆ. ಬೆಂದ ಮೇಲೆ ಅದನ್ನು ಹೊರಗೆಳೆದು, ದಪ್ಪ ಕೈಗವಸು ತೊಟ್ಟು, ಹಿಂದಿನಿಂದ ತಳ್ಳಿಕೊಂಡು ಆರಿಸುವ ಕೋಣೆಗೆ ಒಯ್ಯಬೇಕು. ನಡುವೆ ಒಂದು ಓಣಿ, ಓಣಿಯ ಕೊನೆಗೊಂದು ತಿರುವು. ತಳ್ಳುವವಳ ಕಣ್ಣಿಗೆ ಕಾಣುವುದು ಬನ್ನುಗಳ ಸಾಲು ಮಾತ್ರ. ತಿರುವಿನ ಆಚೆ ಯಾರು ನಿಂತಿದ್ದಾರೆ ಎಂದು ಗೊತ್ತಾಗುವುದಿಲ್ಲ. ನೆಲ ಸ್ವಲ್ಪ ಇಳಿಜಾರು, ಜೊತೆಗೆ ಎಣ್ಣೆ ಜಿಡ್ಡು. ಹೊರಟ ಟ್ರಾಲಿ ನಿಲ್ಲು ಎಂದ ತಕ್ಷಣ ನಿಲ್ಲುವಂಥದ್ದಲ್ಲ.

ಮೊದಲು ಒಂದು ಟ್ರಾಲಿಗೆ ಇಬ್ಬರಿದ್ದರು, ಹಿಂದೆ ತಳ್ಳುವವರು ಒಬ್ಬರು, ಮುಂದೆ ನಡೆದು ದಾರಿ ನೋಡುವವರು ಒಬ್ಬರು. ಈಗಿನ ಮ್ಯಾನೇಜರ್ ಬಂದ ಹೊಸದರಲ್ಲಿ ಒಂದು ದಿನ ಓಣಿಯಲ್ಲಿ ನಿಂತು ನೋಡಿ, ‘ಮುಂದಿನವರು ಏನು ಮಾಡ್ತಾರೆ? ಬರೀ ನಡೀತಾರೆ’ ಎಂದರು. ಮುಂದೆ ನಡೆಯುವವರನ್ನೆಲ್ಲ ತೆಗೆದುಹಾಕಿದರು. ಟ್ರಾಲಿಗೆ ಗಂಟೆ ಕಟ್ಟೋಣ ಎಂದು ಯಾರೋ ಹೇಳಿದರು. ಟ್ರಾಲಿ ಓವನ್ನಿನ ಒಳಕ್ಕೇ ಹೋಗುವುದರಿಂದ ಗಂಟೆ ಸುಟ್ಟು ಕಪ್ಪಾಗಿ ಅದರ ನಾಲಿಗೆ ಕಳಚಿ ಬಿತ್ತು. ಕೊನೆಗೆ ಗೋಡೆಗೊಂದು ಬೋರ್ಡು ಹೊಡೆದರು: ‘ತಿರುವಿನಲ್ಲಿ ದಾರಿ ಬಿಡಿ ಎಂದು ಕೂಗತಕ್ಕದ್ದು.’ ಕೈ ತೊಳೆದುಕೊಂಡರು.

ದಾರಿ ಬಿಡಿ ಎಂದರೆ ನಮ್ಮ ಕಾರ್ಖಾನೆಯಲ್ಲಿ ಯಾರು ಕೇಳುತ್ತಾರೆ? ಟೀ ಕ್ಯಾನು ತರುವವನೂ ದಾರಿ ಬಿಡಿ, ಮೈದಾ ಚೀಲ ಹೊತ್ತವನೂ ದಾರಿ ಬಿಡಿ, ಪೊರಕೆ ಹಿಡಿದವಳೂ ದಾರಿ ಬಿಡಿ. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ಕಿವಿ ಮರಗಟ್ಟಿರುತ್ತದೆ. ಆಗೆಲ್ಲ ವಾರಕ್ಕೊಬ್ಬರು ಕೈಗೋ ಬೆನ್ನಿಗೋ ಬೊಬ್ಬೆ ಎಬ್ಬಿಸಿಕೊಂಡು ಮುಲಾಮು ಹಚ್ಚಿಸಿಕೊಳ್ಳುತ್ತಿದ್ದರು.

ಅಕ್ಕನ ಮಗಳು ಆಗ ಪುಟ್ಟವಳು. ಶಾಲೆಯಿಂದ ಒಂದು ಕಥೆಪುಸ್ತಕ ತಂದಿದ್ದಳು, ರಟ್ಟು ಕಿತ್ತುಹೋದದ್ದು. ಅಕ್ಕ ಬೆಳಗಿನ ಪಾಳಿ ಮುಗಿಸಿ ಬಂದು, ಮಧ್ಯಾಹ್ನ ಊಟವಾದ ಮೇಲೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಅದನ್ನು ಮಗಳಿಗೆ ಓದಿ ಹೇಳುತ್ತಿದ್ದಳು. ಗೋಡೆಯ ಬಿರುಕಿನಲ್ಲಿ ಬದುಕುವ ಹೆಬ್ಬೆರಳುದ್ದದ ಜನರ ಕಥೆ. ಗೂಬೆಯ ನೆರಳು ಅಂಗಳದ ಮೇಲೆ ಬಿದ್ದ ಕೂಡಲೇ ಅವರ ಕಾವಲುಗಾರ್ತಿ ‘ಟಿಬ್ಬುಳೋ’ ಎಂದು ಕೂಗುತ್ತಾಳೆ. ಕೇಳಿದವರೆಲ್ಲ ಇದ್ದಲ್ಲೇ ಗೋಡೆಗೆ ಬೆನ್ನು ಅಂಟಿಸಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಬರೆದವರು ಯಾರೋ ಮಕ್ಕಳಿಗಾಗಿ ಕಟ್ಟಿದ ಮಾತು, ಅದಕ್ಕೆ ಅರ್ಥ ಅಷ್ಟೇ. ನಮ್ಮಕ್ಕನ ಗಂಟಲಲ್ಲಿ ಅದನ್ನು ಕೇಳಿದ ಪಕ್ಕದ ಮನೆಯವರು ಬಾಗಿಲು ತೆಗೆದು ಏನಾಯಿತು ಎಂದು ವಿಚಾರಿಸಿದ್ದರು.

ಒಂದು ದಿನ ಅವಳು ಟ್ರಾಲಿ ತಳ್ಳಿಕೊಂಡು ತಿರುವಿಗೆ ಬರುತ್ತಿದ್ದಾಗ ಟ್ರಾಲಿಯ ಕೆಳಗಿನ ಸಂದಿಯಲ್ಲಿ ಯಾರದೋ ಚಪ್ಪಲಿ ಕಂಡಿತು. ಜೀವ ಬಾಯಿಗೆ ಬಂದು, ಬಾಯಿಂದ ತಾನಾಗಿಯೇ ಹೊರಟಿದ್ದು ಈ ಮಾತು. ಅಲ್ಲಿ ನಿಂತಿದ್ದವರು ಹಿಟ್ಟು ಜರಡಿ ಹಿಡಿಯುವ ತಾತ. ಹುಟ್ಟಿದಾಗಿನಿಂದ ಕೇಳದ ಶಬ್ದ ಕೇಳಿ, ಏನೋ ಕುಸಿದುಬೀಳುತ್ತಿದೆ ಎಂದುಕೊಂಡು ಗೋಡೆಗೆ ಅಂಟಿದರು. ಟ್ರಾಲಿ ಅವರ ಹೊಟ್ಟೆಯ ಮುಂದೆ ಹಾದುಹೋಯಿತು. ಆಮೇಲೆ ತಾತ, ‘ಅದೇನಮ್ಮಾ ಹಾಗಂದ್ರೆ?’ ಎಂದು ಕೇಳಿದರು. ‘ಟಿಬ್ಬುಳೋ ಅಂದ್ರೆ ಗೋಡೆಗೆ ಅಂಟ್ಕೋ ಅಂತ’ ಎಂದಳು ಅಕ್ಕ.

ಅಷ್ಟೇ ಸಾಕಾಯಿತು. ಬೇರೆ ಯಾವುದಕ್ಕೂ ಬಳಸದ ಮಾತು, ಕಿವಿಗೆ ಮುಳ್ಳಿನ ಹಾಗೆ ಚುಚ್ಚುವ ಮಾತು. ಟ್ರಾಲಿಯವರೆಲ್ಲ ಅದನ್ನೇ ಕೂಗತೊಡಗಿದರು. ಹೊಸಬರು ಸೇರಿದ ದಿನವೇ ಟೋಪಿ, ಏಪ್ರನ್ ಜೊತೆಗೆ ಅದನ್ನೂ ಕಲಿಸುತ್ತಿದ್ದೆವು. ಯಾರೂ ಅದನ್ನು ಸುಮ್ಮಸುಮ್ಮನೆ ಅನ್ನಬಾರದು ಎಂದು ಅಕ್ಕ ಕಟ್ಟು ಮಾಡಿದ್ದಳು. ಅಂದವರಿಗೆ ಅವಳ ಬಾಯಿಯ ರುಚಿ ಕಾದಿರುತ್ತಿತ್ತು. ಮುಲಾಮಿನ ಡಬ್ಬಿ ಒಣಗಿ ಗಟ್ಟಿಯಾಯಿತು. ಮ್ಯಾನೇಜರ್ ಮೇಲಿನವರಿಗೆ ‘ನಮ್ಮ ಬೋರ್ಡಿನಿಂದ ಅಪಘಾತಗಳು ನಿಂತಿವೆ’ ಎಂದು ಹೇಳಿ ಬೆನ್ನು ತಟ್ಟಿಸಿಕೊಂಡರಂತೆ. ತಟ್ಟಿಸಿಕೊಳ್ಳಲಿ. ಆಗ ನನಗೆ ನಗು ಬಂದಿತ್ತು, ಈಗ ಮೈ ಉರಿಯುತ್ತದೆ.

ಅಕ್ಕನ ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಪುಸ್ತಕವನ್ನು ಯಾರೋ ಟಿವಿಯಲ್ಲಿ ಕಾರ್ಟೂನ್ ಮಾಡಿದರು. ಅದರಲ್ಲಿ ಗೂಬೆ ಇಲ್ಲ. ಮಕ್ಕಳು ಹೆದರುತ್ತಾರೆ ಎಂದು ತೆಗೆದರೋ ಏನೋ. ಗೂಬೆ ಇಲ್ಲದ ಮೇಲೆ ಆ ಮಾತಿಗೆ ಏನು ಕೆಲಸ? ಹೆಬ್ಬೆರಳುದ್ದದವರು ಜಾರಿ ಬಿದ್ದು ಅಂಡು ಉಜ್ಜಿಕೊಳ್ಳುವಾಗ ‘ಟಿಬ್ಬುಳೋ’ ಎನ್ನುವುದು, ಹಿಂದಿನಿಂದ ಗುಂಪಾಗಿ ನಗುವ ಸದ್ದು. ಅಲ್ಲಿಂದ ಅದು ಸಾಂಕ್ರಾಮಿಕದ ಹಾಗೆ ಹಬ್ಬಿತು. ಬಸ್ಸಿನಲ್ಲಿ ಜನರನ್ನು ಒಳಗೆ ನೂಕಲು ಕಂಡಕ್ಟರ್ ಟಿಬ್ಬುಳೋ ಎಂದ. ಪರೀಕ್ಷೆಯಲ್ಲಿ ಫೇಲಾದರೆ ‘ಟಿಬ್ಬುಳಾಯ್ತು’, ಗೆಳತಿ ಕೈಕೊಟ್ಟರೆ ‘ಟಿಬ್ಬುಳಿಸಿಬಿಟ್ಲು ಮಚ್ಚಾ’. ಫೋನಿನ ರಿಂಗು ಅದೇ. ಟೀ ಶರ್ಟಿನ ಎದೆಯ ಮೇಲೂ ಅದೇ. ಪೇಪರಿನಲ್ಲಿ ಒಬ್ಬ ವಿದ್ವಾಂಸರು ಇದನ್ನೆಲ್ಲ ಪಟ್ಟಿ ಮಾಡಿ, ಹೊಸ ಮಾತು ಹೀಗೆ ಮಕ್ಕಳ ಬಾಯಿಂದ ಬಂದು ಬೀದಿಯಲ್ಲಿ ಬೆಳೆಯುತ್ತದೆ, ಇದು ಸಂಭ್ರಮದ ಸಂಗತಿ ಎಂದು ಬರೆದಿದ್ದರು. ಸಂಭ್ರಮವಂತೆ. ಅವರ ಮನೆಯ ಪಡಸಾಲೆಯಲ್ಲಿ ಸುಡುವ ಟ್ರಾಲಿ ಓಡಾಡುವುದಿಲ್ಲ, ಅವರು ಸಂಭ್ರಮ ಪಡಬಹುದು. ಆ ಪೇಪರಿನಲ್ಲಿ ನಾನು ಕಿಟಕಿ ಒರೆಸಿದೆ.

ಬೀದಿಯಲ್ಲಿ ಬೆಳೆದದ್ದು ಕಾರ್ಖಾನೆಯ ಒಳಗೂ ಬಂತು. ಟೀ ಬಂದರೆ ಟಿಬ್ಬುಳೋ. ಸೂಪರ್‌ವೈಸರ್ ಬಂದರೆ ಮೆಲ್ಲಗೆ ಟಿಬ್ಬುಳೋ. ಯಾರಾದರೂ ತಟ್ಟೆ ಬೀಳಿಸಿದರೆ ಇಡೀ ಪ್ಯಾಕಿಂಗ್ ವಿಭಾಗವೇ ಒಟ್ಟಾಗಿ ಟಿಬ್ಬುಳೋ ಎಂದು ಹಲ್ಲು ಕಿರಿಯುವುದು. ಅದರಲ್ಲಿ ಎಲ್ಲರಿಗಿಂತ ಮುಂದೆ ಕುಳ್ಳಿ. ಅವಳು ಅಕ್ಕನ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು, ಒಂದೇ ಡಬ್ಬಿಯಲ್ಲಿ ಉಣ್ಣುವ ಗೆಳತಿ. ಕುಳ್ಳಿ ಎಂದು ಕರೆದರೆ ಅವಳೇ ಮೊದಲು ನಗುತ್ತಾಳೆ. ಸಾವಿನ ಮನೆಯಲ್ಲೂ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಳ್ಳುವ ಜಾತಿ. ಅಕ್ಕನಿಗೆ ‘ಟಿಬ್ಬುಳಕ್ಕ’ ಎಂದು ಹೆಸರಿಟ್ಟವಳೂ ಅವಳೇ. ಪ್ರೀತಿಗೆ ಇಟ್ಟದ್ದು, ನಿಜ. ನನಗೆ ಅವಳ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ.

ಅಕ್ಕ ಸುಮ್ಮನೆ ಕೂರಲಿಲ್ಲ. ಊಟದ ಹೊತ್ತಿನಲ್ಲಿ ಬ್ರೆಡ್ ಕ್ರೇಟು ಬೋರಲು ಹಾಕಿ ಅದರ ಮೇಲೆ ನಿಂತು ಬೈದಳು. ‘ಆ ಮಾತು ಆಟಕ್ಕಲ್ಲ ಕಣ್ರೋ! ಒಂದಿನ ಯಾರ ಮೈಮೇಲಾದ್ರೂ ಬರುತ್ತೆ!’ ಎಂದಳು. ‘ಟಿಬ್ಬುಳೋ!’ ಎಂದಿತು ಹಿಂದಿನ ಬೆಂಚು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಸೂಪರ್‌ವೈಸರ್ ಹತ್ತಿರ ಹೋದಳು, ಜೊತೆಗೆ ನಾನೂ ಹೋದೆ.

‘ಬಿಡಮ್ಮ, ಎಲ್ಲದಕ್ಕೂ ಕೆಂಡ ಕಾರ್ತೀಯ’ ಎಂದರು ಅವರು. ‘ನಗ್ತಾ ನಗ್ತಾ ಕೆಲಸ ಮಾಡಿದ್ರೆ ನಿಂಗೇನು ಹೊಟ್ಟೆಕಿಚ್ಚು?’

‘ನಗ್ಲಿ ಸಾರ್. ಬೇರೆ ಮಾತಿಗೆ ನಗ್ಲಿ, ಸಾವಿರ ಮಾತಿದೆ. ಇದೊಂದನ್ನ ನಮಗೆ ಬಿಟ್ಬಿಡಿ.’

ಅವರು ಬಿಡಲಿಲ್ಲ ಎನ್ನುವುದಷ್ಟೇ ಅಲ್ಲ, ತಿಂಗಳೊಪ್ಪತ್ತಿನಲ್ಲಿ ಮ್ಯಾನೇಜರ್ ಮಕ್ಕಳಿಗೆಂದು ‘ಟಿಬ್ಬುಳೋ ಬನ್’ ಎಂಬ ಹೊಸ ಮಾಲನ್ನೇ ಹೊರಡಿಸಿದರು. ಹಳದಿ ಪ್ಯಾಕೆಟ್, ಮೇಲೆ ಜಾರಿ ಬೀಳುತ್ತಿರುವ ಹೆಬ್ಬೆರಳುದ್ದದವನ ಚಿತ್ರ. ಅದನ್ನು ಬೇಯಿಸಿ ತಳ್ಳಬೇಕಾದವಳು ನಮ್ಮಕ್ಕ. ಮೊದಲ ಟ್ರಾಲಿ ತಳ್ಳಿ ಬಂದವಳು ನನ್ನ ಕಡೆ ನೋಡಿ, ‘ಇವರಿಗೆ ಮಾರಕ್ಕೆ ಬೇರೇನೂ ಸಿಗ್ಲಿಲ್ವೇನೇ?’ ಎಂದಳು. ಅವಳ ದನಿ ಆ ದಿನ ಮೊದಲ ಸಲ ಸಣ್ಣಗಾಗಿತ್ತು. ಅದು ನನಗೆ ಅವಳು ಬೈದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಬೇರೆ ಮಾತು ಹುಡುಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹುಡುಕಿದಳು. ತಾನೇ ಒಂದು ಮಾತು ಕಟ್ಟಿಕೊಂಡು ಬಂದು ತಿರುವಿನಲ್ಲಿ ಕೂಗಿದಳು. ‘ಇದು ಯಾವ ಕಾರ್ಟೂನಿಂದು ಅಕ್ಕಾ?’ ಎಂದು ಕೇಳಿ ನಕ್ಕರು. ಸಂಜೆಯ ಹೊತ್ತಿಗೆ ಅದನ್ನೂ ಹಾಡು ಮಾಡಿಕೊಂಡಿದ್ದರು. ಸುಮ್ಮನೆ ‘ಹೋ’ ಎಂದು ಕಿರುಚಿ ನೋಡಿದಳು. ‘ಯಾಕಕ್ಕಾ, ಹಲ್ಲಿ ಬಿತ್ತಾ?’ ಎಂದರು. ಒಂದು ಸಲ ನಗುವುದು ರೂಢಿಯಾದ ಮೇಲೆ ಅವರಿಗೆ ಮಾತು ಯಾವುದಾದರೂ ಆಗುತ್ತಿತ್ತು. ಟಿಬ್ಬುಳೋ ಎಂದರೆ ಹಳಬರಾದರೂ ಸರಿಯುತ್ತಾರಲ್ಲ ಎಂದು ಅಕ್ಕ ಅದಕ್ಕೇ ವಾಪಸು ಬಂದಳು.

ಆ ದಿನ ಬೆಳಗಿನ ಪಾಳಿ. ಹಬೆಯಾಡುವ ಬನ್ನಿನ ಟ್ರಾಲಿ. ಅಕ್ಕ ತಿರುವಿನ ಹತ್ತಿರ ಬಂದು ಟಿಬ್ಬುಳೋ ಎಂದು ಕೂಗಿದ್ದು ಹಿಟ್ಟಿನ ಯಂತ್ರದ ಸದ್ದಿನ ನಡುವೆಯೂ ನನಗೆ ಕೇಳಿಸಿತು. ಆಚೆಯಿಂದ ಕುಳ್ಳಿಯ ದನಿ, ‘ಟಿಬ್ಬುಳೋ ಟಿಬ್ಬುಳೋ!’ ಎಂದು ರಾಗವಾಗಿ ಬಂತು. ಇಬ್ಬರು ಮೂವರು ನಕ್ಕರು. ಆಮೇಲೆ ಕೇಳಿಸಿದ್ದು ನಗುವಲ್ಲ.

ನಾನು ಓಡಿದೆ. ಕುಳ್ಳಿ ತಿರುವಿನಲ್ಲಿ ಬೆನ್ನು ಹಾಕಿ ಟೋಪಿ ಕಟ್ಟಿಕೊಳ್ಳುತ್ತಿದ್ದಳಂತೆ. ಟ್ರಾಲಿಯ ತಟ್ಟೆಗಳ ಅಂಚು ಅವಳ ಕುತ್ತಿಗೆಯಿಂದ ಮೊಣಕೈವರೆಗೆ ಸಾಲಾಗಿ ಗೆರೆ ಎಳೆದಿತ್ತು. ಅಕ್ಕ ಟ್ರಾಲಿಯನ್ನು ಹಿಂದಕ್ಕೆಳೆಯಲು ನೋಡಿ, ಜಾರಿ, ಮಂಡಿಯೂರಿ ಬಿದ್ದಿದ್ದಳು, ಆದರೂ ಹಿಡಿದ ಸರಳು ಬಿಟ್ಟಿರಲಿಲ್ಲ. ನಾವಿಬ್ಬರೂ ಕುಳ್ಳಿಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೂರಿಸಿದೆವು. ಸುತ್ತ ನಿಂತಿದ್ದವರ ಮುಖದಲ್ಲಿ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. ಅಂಥ ಮುಖಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅಕ್ಕ ತನ್ನ ಬದುಕಿನಲ್ಲಿ ಒಂದು ಸಲವೂ ಸುಳ್ಳು ಕೂಗಲಿಲ್ಲ. ಸುಳ್ಳು ಕೂಗಿದವರು ಬೇರೆ, ಸುಟ್ಟುಕೊಂಡವಳು ಬೇರೆ, ಕಟಕಟೆಯಲ್ಲಿ ನಿಂತವಳು ಬೇರೆ.

ಕುಳ್ಳಿ ಆಸ್ಪತ್ರೆಯಿಂದ ಬಂದ ಮೇಲೆ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ಇಟ್ಟರು. ಅಕ್ಕನ ತಲೆಯ ಮೇಲೆ ಗೂಬೆ ಕೂರಿಸುವುದು ಎಂದು ಮೊದಲೇ ಮಾತಾಗಿತ್ತು. ಬೋರ್ಡಿನಲ್ಲಿ ಬರೆದ ಮಾತು ಬಿಟ್ಟು ಬೇರೆ ಏನೋ ಕೂಗಿದ್ದಾಳೆ, ಆದ್ದರಿಂದ ಕೂಗೇ ಇಲ್ಲ ಎಂದು ಲೆಕ್ಕ, ಆದ್ದರಿಂದ ಕೆಲಸದಿಂದ ತೆಗೆಯಬೇಕು. ಅಕ್ಕನಿಗೆ ಕೆಲಸ ಹೋಗುವ ಭಯವಿತ್ತು, ಇಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಆಸ್ಪತ್ರೆಯಲ್ಲಿ ಕುಳ್ಳಿಯನ್ನು ನೋಡಲು ಅವಳ ಮನೆಯವರು ಅಕ್ಕನನ್ನು ಬಿಟ್ಟಿರಲಿಲ್ಲ. ಗೆಳತಿಯನ್ನು ನೋಡದೆ ಮೈಮೇಲೆ ಟ್ರಾಲಿ ಹಾಯಿಸಿದಳು ಎನ್ನುವ ಮಾತು ಬೀದಿಯಲ್ಲಿ ಆಗಲೇ ಓಡಾಡುತ್ತಿತ್ತು. ಕುಳ್ಳಿಯೂ ಹಾಗೇ ಅಂದುಕೊಂಡಿದ್ದಾಳಾ ಎನ್ನುವುದೊಂದೇ ಅಕ್ಕನ ತಲೆಯಲ್ಲಿ ಕೊರೆಯುತ್ತಿತ್ತು. ಊಟ ಬಿಟ್ಟಿದ್ದಳು. ಭಾವ ತಟ್ಟೆ ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದರು.

ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದರು. ಅಲ್ಲಿ ನಕ್ಕವರೆಲ್ಲ ಈಗ ಕಿವುಡರಾಗಿದ್ದರು. ‘ಯಂತ್ರದ ಸದ್ದು ಸಾರ್, ಏನೂ ಕೇಳಿಸ್ಲಿಲ್ಲ.’ ‘ನಾನು ಆ ಕಡೆ ಇದ್ದೆ ಸಾರ್.’ ನನ್ನನ್ನು ಕೇಳಿದಾಗ ಕೇಳಿಸಿತು ಎಂದೆ. ‘ನೀನು ತಂಗಿ, ನಿನ್ನ ಮಾತು ಬೇಡ’ ಎಂದರು. ಕೊನೆಗೆ ಕುಳ್ಳಿಯನ್ನು ಕರೆದರು. ಕುತ್ತಿಗೆಗೆ ಪಟ್ಟಿ, ತೋಳಿಗೆ ಪಟ್ಟಿ. ಮೈ ಅರ್ಧವಾಗಿತ್ತು.

‘ಹೆದರ್ಬೇಡಮ್ಮ’ ಎಂದರು ಮ್ಯಾನೇಜರ್. ‘ಇವಳು ದಾರಿ ಬಿಡಿ ಅಂತ ಕೂಗಿದ್ಲಾ?’

‘ಇಲ್ಲ ಸಾರ್. ಟಿಬ್ಬುಳೋ ಅಂದ್ಲು.’ ಕುಳ್ಳಿ ಅಕ್ಕನ ಕಡೆ ನೋಡಿದಳು. ‘ಚೆನ್ನಾಗಿ ಕೇಳಿಸ್ತು. ಅವಳ ದನಿ ನಂಗೊತ್ತಿಲ್ವಾ? ನಾನೇ ನಕ್ಕೆ ಸಾರ್. ಎಲ್ರೂ ನಕ್ರು.’

ಮ್ಯಾನೇಜರ್ ತಡಮಾಡಲಿಲ್ಲ. ‘ಓಹೋ. ಹಾಗಾದ್ರೆ ನಿಂದೇ ತಪ್ಪು ಅಂತಾಯ್ತು’ ಎಂದರು, ಎಷ್ಟು ಸಲೀಸಾಗಿ ಎಂದರೆ, ನೀರು ಕುಡಿದ ಹಾಗೆ. ಸೂಪರ್‌ವೈಸರ್ ತಲೆಯಾಡಿಸಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅಕ್ಕ ಪಾರಾಗುತ್ತಿದ್ದಳು. ಅವಳು ಎದ್ದು ನಿಂತಳು. ಎಷ್ಟೋ ದಿನದಿಂದ ಅಡಗಿದ್ದ ಗಂಟಲು ಆಗ ತೆರೆಯಿತು.

‘ಅವಳ ಮೇಲೆ ಹಾಕಿದ್ರೆ ಹುಷಾರ್! ಚರ್ಮ ಸುಲಿದು ಬಂದಿರೋಳಿಗೆ ತಪ್ಪು ಅಂತೀರಾ? ಮುಂದೆ ನಡೆಯೋರನ್ನ ತೆಗೆದಿದ್ದು ಯಾರು? ಅವಳಾ? ಆ ಮಾತನ್ನ ಪ್ಯಾಕೆಟ್ಟಿಗೆ ಹೊಡೆಸಿ ಮಾರಿದ್ದು ಯಾರು? ನಗ್ಲಿ ಬಿಡಮ್ಮ ಅಂದಿದ್ದು ಯಾರು? ನಕ್ಕಿದ್ದು ಅವಳೊಬ್ಳೇ ಅಲ್ಲ. ನಕ್ಕೋರೆಲ್ಲ ಕೈ ಎತ್ತಿ ನೋಡೋಣ!’

ಒಂದು ಕೈಯೂ ಏಳಲಿಲ್ಲ. ಕುಳ್ಳಿ ಮಾತ್ರ ಎತ್ತಲು ನೋಡಿದಳು. ಆ ತೋಳು ಮೇಲೆ ಬರಲಿಲ್ಲ. ಅಕ್ಕ ಅದನ್ನು ಮೆಲ್ಲಗೆ ಕೆಳಗಿಳಿಸಿ, ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಇಬ್ಬರೂ ಅತ್ತರು. ನನ್ನ ಸಿಟ್ಟು ಅಲ್ಲಿದ್ದ ಉಳಿದವರ ಪಾಲಿಗೆ ಹೋಯಿತು.

ವಿಷಯ ಹೊರಗೆ ಹೋದರೆ ಕಾರ್ಖಾನೆಗೆ ಕೆಟ್ಟ ಹೆಸರು ಎಂದು ಮ್ಯಾನೇಜರ್ ಅದನ್ನು ಅಲ್ಲಿಗೇ ಮುಚ್ಚಿಹಾಕಿದರು. ಯಾರ ಕೆಲಸವೂ ಹೋಗಲಿಲ್ಲ. ಇನ್ನು ಮುಂದೆ ಬೋರ್ಡಿನಲ್ಲಿ ಇದ್ದಂತೆಯೇ ಕೂಗಬೇಕು ಎಂದು ಆಜ್ಞೆಯಾಯಿತು. ಮುಂದೆ ನಡೆಯುವವರನ್ನು ವಾಪಸು ಕೊಡುವ ಮಾತು ಬರಲಿಲ್ಲ. ಹಳದಿ ಪ್ಯಾಕೆಟ್ ಇವತ್ತಿಗೂ ಅಂಗಡಿಗಳಲ್ಲಿ ತೂಗುತ್ತಿದೆ.

ಮರುದಿನ ಅಕ್ಕ ಕೆಲಸಕ್ಕೆ ಬಂದಳು. ಟ್ರಾಲಿ ಹೊರಗೆಳೆದು ಓಣಿಯಲ್ಲಿ ಮೆಲ್ಲಗೆ ತಳ್ಳಿಕೊಂಡು ಬಂದು, ತಿರುವಿಗೆ ಸಾಕಷ್ಟು ಮುಂಚೆಯೇ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟಳು. ಬಾಯಿ ಬಿಡಲಿಲ್ಲ. ತಿರುವಿನವರೆಗೆ ತಾನೇ ನಡೆದುಹೋಗಿ, ಆಚೆ ನಿಂತಿದ್ದವರನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮತ್ತೆ ವಾಪಸು ಬಂದು, ತುಂಡು ತೆಗೆದು, ತಳ್ಳಿದಳು. ಮುಂದಿನ ಟ್ರಾಲಿಗೂ ಹಾಗೇ. ಅದರ ಮುಂದಿನದಕ್ಕೂ ಹಾಗೇ. ಹಿಂದೆ ಓವನ್ನಿನಲ್ಲಿ ಬನ್ನುಗಳು ಕಂದು ದಾಟಿ ಕಪ್ಪಾಗತೊಡಗಿದವು. ಸೀದ ವಾಸನೆ ನನ್ನ ಹಿಟ್ಟಿನ ಕಡೆಗೂ ಬಂತು.

ಸೂಪರ್‌ವೈಸರ್ ಓಡಿ ಬಂದರು. ‘ಏನಮ್ಮಾ ಇದು, ಮೆರವಣಿಗೆನಾ? ಕೂಗ್ಕೊಂಡು ಬೇಗ ಬೇಗ ತಳ್ಳು!’

‘ಏನಂತ ಕೂಗ್ಲಿ?’

‘ದಾರಿ ಬಿಡಿ ಅಂತ ಕೂಗು.’

‘ಅದನ್ನ ಕೇಳೋ ಕಿವಿ ಇಲ್ಲಿ ಯಾರಿಗಿದೆ?’ ಅಕ್ಕ ಮರದ ತುಂಡನ್ನು ಕೈಯಲ್ಲಿ ಹಿಡಿದೇ ಅವರ ಮುಂದೆ ನಿಂತಳು. ‘ಒಂದು ಮಾತು ತಂದ್ಕೊಡಿ ಸಾರ್. ಕೇಳಿದ್ರೆ ನೀವ್ಯಾರೂ ನಗಬಾರ್ದು, ಅಂಥದ್ದು. ತಂದ್ಕೊಡಿ, ಓಡಿಸ್ಕೊಂಡು ಬರ್ತೀನಿ.’

ಅಕ್ಕ ತುಂಡನ್ನು ಚಕ್ರಕ್ಕೆ ಕೊಟ್ಟು, ಟ್ರಾಲಿಯನ್ನು ಹಿಂದೆ ಬಿಟ್ಟು, ತಿರುವಿನಲ್ಲಿ ಯಾರಿದ್ದಾರೆ ಎಂದು ನೋಡಲು ಹೋದಳು.